ಚೀಟಿಯಣ್ಣ ಮತ್ತು ಬೋಧಕರ ಅಂಗುಳ

ನಮ್ಮ ಕ್ರೈಸ್ತ ಸಭೆಯಲ್ಲಿ ದೇವರನ್ನು ಬಲ್ಲವರಿಗೆ ಬರವಿಲ್ಲ. ಭಾನುವಾರ ಬೆಳಿಗ್ಗೆ ಬೆಂಚಿನ ಮೇಲೆ ಎರಡೂವರೆ ಗಂಟೆ ಕುಳಿತರೆ ಸಾಕು. ಆತನ ಮನಸ್ಸಿನಲ್ಲಿ ಏನಿದೆ, ಯಾರ ಮೇಲೆ ಬೇಸರವಿದೆ, ಮುಂದಿನ ತಿಂಗಳು ಯಾರಿಗೆ ಏನು ಕೊಡಲಿದ್ದಾನೆ ಎಂಬುದೆಲ್ಲ ಪಕ್ಕದ ಮನೆಯ ಸುದ್ದಿಯಷ್ಟು ಸಲೀಸಾಗಿ ಕಿವಿಗೆ ಬೀಳುತ್ತದೆ. ಪಕ್ಕದ ಮನೆಯವರನ್ನು ನಾವು ಅಷ್ಟು ಚೆನ್ನಾಗಿ ಬಲ್ಲೆವೇ ಎಂದು ಮಾತ್ರ ಯಾರೂ ಕೇಳಬಾರದು.

ಹೀಗೆ ಬಲ್ಲವರಲ್ಲಿ ಚೀಟಿಯಣ್ಣನೂ ಒಬ್ಬ. ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಒಂದು ಕಿಟಕಿ, ಒಂದು ಗ್ಯಾಸಿನ ಉರಿ, ಮೇಣದ ಹಾಳೆಗಳು, ಉಜ್ಜುವ ಯಂತ್ರ. ಮೇಜು, ಕುರ್ಚಿ, ಹುಬ್ಬು ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ. ಗೋಡೆಯ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ಕೂತಿರುತ್ತವೆ, ಪ್ರತಿಯೊಂದರ ಬುಡದಲ್ಲಿ ಒಂದು ನಂಬರು. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ರೋಗಿಯ ಬಾಯಿಯ ಅಚ್ಚು ತೆಗೆಯುತ್ತಾಳೆ. ಇವನು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೂಡಿದ ದವಡೆಗೆ ಹಲ್ಲು ಜೋಡಿಸುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಅವನು ರೋಗಿಯ ಮುಖ ನೋಡಿದ್ದು ಇಲ್ಲವೆಂದರೂ ಆದೀತು. ಮುನ್ನೂರ ಹನ್ನೆರಡರ ಕೋರೆಹಲ್ಲು ಎಷ್ಟು ಓರೆ ಎಂದು ಕಣ್ಣು ಮುಚ್ಚಿ ಹೇಳುತ್ತಾನೆ. ಅದೇ ಮುನ್ನೂರ ಹನ್ನೆರಡು ಬಸ್ಸಿನಲ್ಲಿ ಪಕ್ಕಕ್ಕೆ ಕೂತು ನಕ್ಕರೂ ಗುರುತು ಹತ್ತದು. ಅದು ಅವನ ಹೆಮ್ಮೆಯೂ ಹೌದು. “ನನಗೆ ಮುಖ ಯಾಕೆ? ಅಚ್ಚು ಸಿಕ್ಕಿದ್ರೆ ಸಾಕು” ಎನ್ನುತ್ತಿದ್ದ. ದೇವರ ವಿಷಯದಲ್ಲೂ ಅವನದು ಇದೇ ಸಿದ್ಧಾಂತವಾಗಿತ್ತು ಎಂದು ಕಾಣುತ್ತದೆ.

ಆ ಅಡ್ಡಹೆಸರು ಬಂದದ್ದು ನಮ್ಮ ಸಭೆಯ ಧೈರ್ಯದ ಬಳಗದಿಂದ. ಕಷ್ಟದಲ್ಲಿರುವ ಸಹವಿಶ್ವಾಸಿಗಳಿಗೆ ಧೈರ್ಯ ತುಂಬುವುದು ಬಳಗದ ಕೆಲಸ. ಅದರ ಯಜಮಾನಿಕೆ ನಿವೃತ್ತ ಮುಖ್ಯೋಪಾಧ್ಯಾಯಿನಿಯಾದ ದೊಡ್ಡ ಟೀಚರದ್ದು. ಅವರ ಬಳಿ ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಅವರೇ ರಚಿಸಿ ನೇರಳೆ ಶಾಯಿಯಲ್ಲಿ ಬರೆದ ಇನ್ನೂರು ಧೈರ್ಯದ ಚೀಟಿಗಳು. ಪ್ರತಿ ಚೀಟಿಯ ಮೂಲೆಯಲ್ಲೂ ಒಂದು ಪಾರಿವಾಳದ ಚಿತ್ರ. ಮೊಟ್ಟೆಗೆ ಕೂತ ಕೋಳಿಯ ಹಾಗಿದೆ, ಆದರೆ ಹಾಗೆನ್ನುವ ಧೈರ್ಯ ಬಳಗದಲ್ಲಿ ಯಾರಿಗೂ ಇಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಕಷ್ಟದಲ್ಲಿರುವವರ ಪಟ್ಟಿ ಓದುತ್ತಾರೆ. ಒಂದೊಂದು ಹೆಸರಿಗೆ ಒಂದೊಂದು ಚೀಟಿಯನ್ನು ಕಣ್ಣು ಮುಚ್ಚಿ ಎತ್ತುತ್ತಾರೆ.

“ನಾವೇ ಆರಿಸಿದ್ರೆ ಅದು ನಮ್ಮ ಬುದ್ಧಿ ಆಗುತ್ತೆ ಬ್ರದರ್. ಕಣ್ಮುಚ್ಚಿ ಎತ್ತಿದ್ರೆ ಆತನ ಚಿತ್ತ” ಎಂದು ದೊಡ್ಡ ಟೀಚರ್ ವಿವರಿಸುತ್ತಾರೆ. ಒಮ್ಮೆ ಎತ್ತಿದ ಚೀಟಿಯನ್ನು ವಾಪಸು ಹಾಕುವಂತಿಲ್ಲ. ಗುರುವಾರದೊಳಗೆ ಅದು ಮನೆ ಸೇರಬೇಕು. ಸೇರಿಸುವವನು ಚೀಟಿಯಣ್ಣ, ಅವನ ಹಳೆಯ ಸ್ಕೂಟರಿನಲ್ಲಿ, ಹನ್ನೊಂದು ವರ್ಷದಿಂದ.

ಆತನ ಚಿತ್ತ ಒಮ್ಮೊಮ್ಮೆ ವಿಚಿತ್ರವಾಗಿ ಹೊರಬೀಳುತ್ತಿತ್ತು. ಕಾಲು ಮುರಿದುಕೊಂಡು ಮಲಗಿದ್ದ ಪೇಂಟರನಿಗೆ “ಎದ್ದು ಓಡು, ನಿನ್ನ ದಾರಿ ಸಮವಾಗಿದೆ” ಎಂಬ ಚೀಟಿ ಹೋಯಿತು. ಮನೆಗೆ ಬೆಂಕಿ ಬಿದ್ದು ಉಟ್ಟ ಬಟ್ಟೆಯಲ್ಲಿ ತಂಗಿಯ ಮನೆ ಸೇರಿದ್ದ ಹೆಂಗಸಿಗೆ “ನಿನ್ನ ದೀಪವನ್ನು ಆತನೇ ಹೊತ್ತಿಸುವನು” ಎಂದು ಬಂತು. “ಹೊತ್ತಿಸಿ ಆಯ್ತಲ್ಲ ಅಣ್ಣ” ಎಂದಳು ಆಕೆ. ಸಹೋದರಿ ವಾಗ್ದಾನವನ್ನು ಸಂತೋಷದಿಂದ ಸ್ವೀಕರಿಸಿದಳೆಂದು ಚೀಟಿಯಣ್ಣ ಮುಂದಿನ ಭಾನುವಾರ ಸಾಕ್ಷಿ ಹೇಳಿದ. ನಾವೆಲ್ಲ ಸ್ತೋತ್ರ ಎಂದೆವು.

ಅವನ ಭೇಟಿಗೆ ಒಂದು ಕ್ರಮವಿತ್ತು. ಬೆಲ್ ಒತ್ತುವುದು, ಹೊಸ್ತಿಲಲ್ಲೇ ನಿಂತು ಚೀಟಿಯನ್ನು ಗಟ್ಟಿಯಾಗಿ ಓದುವುದು, ಎರಡು ನಿಮಿಷದ ಪ್ರಾರ್ಥನೆ, ಆಮೆನ್ ಜೊತೆಗೇ ಸ್ಕೂಟರಿನ ಕೀಲಿ. “ಟೀ ಬೇಡ ಸಿಸ್ಟರ್, ಇನ್ನೂ ನಾಲ್ಕು ಮನೆ ಇದೆ.” ಅವನ ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಅರವತ್ತು ಹೆಂಗಸರ ಮೇಲ್ವಿಚಾರಕಿ, ಮಾತಿಗೆ ಅಂಚು ಹೊಲಿಯುವ ಅಭ್ಯಾಸ ಅವಳಿಗಿಲ್ಲ. “ರೀ, ಕೊರಿಯರ್ ತರೋನು ಕೂಡ ಸಹಿ ಹಾಕಿಸ್ಕೊಳ್ಳುವಾಗ ಒಂದ್ಸಲ ಮುಖ ನೋಡ್ತಾನೆ” ಎಂದಳು. “ನಿನಗೆ ಸೇವೆ ಅಂದ್ರೇನು ಅಂತ ಗೊತ್ತಿಲ್ಲ ಬಿಡು” ಎಂದು ಇವನು ಹೆಲ್ಮೆಟ್ ಹಾಕಿಕೊಂಡ.

ಹೀಗಿರುವಾಗ ಪಟ್ಟಿಯಲ್ಲಿ ಹಿರಿಯ ಬೋಧಕರ ಹೆಸರು ಬಂತು.

ನಲವತ್ತು ವರ್ಷ ನಮಗೆ ಪ್ರಸಂಗ ಮಾಡಿ ನಿವೃತ್ತರಾದವರು ಅವರು. ದೇವರನ್ನು ತಿಳಿಯುವುದು ಹೇಗೆ ಎಂಬ ಒಂದೇ ವಿಷಯದ ಮೇಲೆ ಮೂರು ವರ್ಷ ಬಿಡದೆ ಮಾತಾಡಿದ್ದರು. ಆ ಮೂರು ವರ್ಷ ನಾವು ಬಿಡದೆ ತೂಕಡಿಸಿದ್ದೆವು. ಅವರಿಗೆ ಬಾಯಿಗೆ ಏನೋ ಆಪರೇಶನ್ ಆಗಿದೆಯೆಂದು ಸಭೆಗೆ ಗೊತ್ತಿತ್ತು. ಏನು, ಎಷ್ಟು ಎಂದು ಯಾರೂ ಕೇಳಿರಲಿಲ್ಲ, ಚೀಟಿ ಹೋಗುತ್ತದೆಯಲ್ಲ. ದೊಡ್ಡ ಟೀಚರ್ ಕಣ್ಣು ಮುಚ್ಚಿ ಎತ್ತಿದರು.

ಬುಧವಾರ ಸಂಜೆ ಚೀಟಿಯಣ್ಣ ಎರಡನೆಯ ಮಹಡಿಯ ಆ ಮನೆಯ ಬೆಲ್ ಒತ್ತಿದ. ಬೋಧಕರ ಮಗಳು ಬಾಗಿಲು ತೆರೆದಳು. ಬೋಧಕರು ಬಾಗಿಲ ಎದುರಿನ ಕುರ್ಚಿಯಲ್ಲೇ ಇದ್ದರು. ಮೂಗಿನಲ್ಲೊಂದು ಸಣ್ಣ ನಳಿಕೆ, ಬಾಯಿಗೆ ಅಡ್ಡ ಟವೆಲು. ಇವನು ಚೀಟಿ ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದ:

“ಬಾಯ್ತುಂಬ ಹಾಡು! ನಿನ್ನ ಸ್ವರ ಬೀದಿಯ ಕೊನೆಗೂ ಕೇಳಲಿ!”

ಬೋಧಕರು ಟವೆಲು ಸರಿಸಿ ಬಾಯಿ ತೆರೆದರು. ಮೇಲ್ದವಡೆಯ ಒಂದು ಪಕ್ಕದ ಹಲ್ಲುಗಳೂ ಅಂಗುಳದ ಅರ್ಧವೂ ಇರಲಿಲ್ಲ. ಇದ್ದ ಜಾಗದಲ್ಲಿ ಕೆಂಪಗಿನ ಒಂದು ಗುಹೆ, ನೇರ ಮೂಗಿನೊಳಗೆ ಹೋಗುವಂಥದ್ದು. ಚೀಟಿಯಣ್ಣ ಅದನ್ನು ನೋಡಿದ, ಗುರುತು ಹಿಡಿದ. ಎರಡು ವಾರದಿಂದ ಅವನ ಮೇಜಿನ ಮೇಲಿದ್ದ ಅಚ್ಚು ಅದು. ಬಾಯಿಂದ ಮಾತು ಜಾರಿಹೋಯಿತು.

“ಓ, ಆರುನೂರ ನಲವತ್ತು!”

“ಏನಂದ್ರಿ?” ಎಂದಳು ಮಗಳು.

“ಅಲ್ಲ ಸಿಸ್ಟರ್... ನಂಬರು... ಅಚ್ಚಿನ ನಂಬರು...”

ಬಾಗಿಲು ಅವನ ಮೂಗಿಗೆ ನಾಲ್ಕು ಬೆರಳು ದೂರದಲ್ಲಿ ಮುಚ್ಚಿಕೊಂಡಿತು. ಪ್ರಾರ್ಥನೆಯ ಎರಡು ನಿಮಿಷ ಉಳಿಯಿತು.

ಮಾರನೆಯ ದಿನ ಆಸ್ಪತ್ರೆಗೆ ಮಗಳ ಫೋನು ಬಂತು. ಅಪ್ಪ ಯಾರನ್ನೂ ನೋಡುವುದಿಲ್ಲವಂತೆ, ಅಂಗುಳಕ್ಕೆ ಕೂರಿಸುವ ಹಲ್ಲಿನ ಪ್ಲೇಟೂ ಬೇಡವಂತೆ. ಡಾಕ್ಟರಮ್ಮ ಹಿಂದಿನ ಕೋಣೆಗೆ ಬಂದು ಆರುನೂರ ನಲವತ್ತರ ಪ್ಲೇಟನ್ನು ಕೈಗೆತ್ತಿಕೊಂಡಳು. ಹಲ್ಲುಗಳ ಹಿಂದೆ ಗಡ್ಡೆಯಂತೆ ಉಬ್ಬಿದ ಭಾಗವೊಂದು ಅದರಲ್ಲಿತ್ತು. ಅದು ಕೂತು ಗುಹೆಯನ್ನು ಮುಚ್ಚಬೇಕು.

“ಇದು ಕೂರದಿದ್ರೆ ಕುಡಿದ ನೀರು ಮೂಗಲ್ಲಿ ಬರುತ್ತೆ, ಮಾತು ಬರೀ ಗಾಳಿ ಆಗುತ್ತೆ” ಎಂದಳು. “ಇನ್ನು ಹತ್ತು ದಿನ ಬಿಟ್ರೆ ಗಾಯ ಸೆಳ್ಕೊಂಡು ಬಾಯಿ ಬಿಗಿದುಹೋಗುತ್ತೆ. ಆಮೇಲೆ ಈ ಪ್ಲೇಟೂ ಆಗಲ್ಲ, ಹೊಸ ಅಚ್ಚೂ ತೆಗಿಯೋಕಾಗಲ್ಲ. ನಳಿಕೇಲೇ ಬದುಕಬೇಕು. ಈಗಾಗ್ಲೇ ಮೈಯಲ್ಲಿ ಏನೂ ಉಳಿದಿಲ್ಲ ಅವರಿಗೆ. ಯಾಕೆ ಬೇಡ ಅಂದ್ರೋ ಗೊತ್ತಿಲ್ಲ.”

ಚೀಟಿಯಣ್ಣನಿಗೆ ಗೊತ್ತಿತ್ತು. ಹೇಳಿದ. ಡಾಕ್ಟರಮ್ಮ ಬಯ್ಯಲಿಲ್ಲ, ಪ್ಲೇಟನ್ನು ಅವನ ಮುಂದೆ ಇಟ್ಟು, “ಹಾಗಾದ್ರೆ ನೀವೇ ಹೋಗಿ ಹಾಕ್ಬೇಕು. ಏನಾದ್ರೂ ತೊಂದರೆ ಆದ್ರೆ ಫೋನ್ ಮಾಡಿ, ಬರ್ತೀನಿ” ಎಂದಳು.

ಅವನು ಮೊದಲು ಓಡಿದ್ದು ಎಲ್ಲಿಗೆ? ದೊಡ್ಡ ಟೀಚರ ಮನೆಗೆ. ಹನ್ನೊಂದು ವರ್ಷದ ಅಭ್ಯಾಸ ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಹೋಗುವುದಿಲ್ಲ.

“ಚೀಟಿ ತಪ್ಪಾಗೋಕೆ ಸಾಧ್ಯ ಇಲ್ಲ ಬ್ರದರ್. ನೀವು ಓದಿದ ರೀತಿ ತಪ್ಪಾಗಿರ್ಬೇಕು” ಎಂದರು ಅವರು. “ಇರ್ಲಿ, ಇನ್ನೊಂದು ಎತ್ತೋಣ.” ಡಬ್ಬಿ ಬಂತು, ಕಣ್ಣು ಮುಚ್ಚಿತು, ಕೈ ಒಳಗೆ ಹೋಯಿತು. “ನೋಡಿ, ಎಷ್ಟು ಚೆನ್ನಾಗಿದೆ. ‘ನಿನ್ನ ತಟ್ಟೆ ತುಂಬಿದೆ, ಹೊಟ್ಟೆ ತುಂಬ ಸವಿದು ಉಣ್ಣು.’”

ಚೀಟಿಯಣ್ಣ ಕೈ ಚಾಚಲಿಲ್ಲ. “ಟೀಚರ್, ಅವರಿಗೆ ನೀರು ಕೂಡ ನುಂಗೋಕಾಗಲ್ಲ.”

“ಅದಕ್ಕೇ ತಾನೇ ವಾಗ್ದಾನ.”

“ಇದನ್ನ ನಾನು ತಗೊಂಡು ಹೋಗಲ್ಲ.”

“ಓಹೋ. ನಿಮಗೆ ಆತನ ಚಿತ್ತ ನನಗಿಂತ ಚೆನ್ನಾಗಿ ಗೊತ್ತೋ?”

“ಏನೂ ಗೊತ್ತಿಲ್ಲ ಟೀಚರ್. ಬೋಧಕರ ಬಾಯಿ ಹೇಗಿದೆ ಅಂತ ಗೊತ್ತು, ಅಷ್ಟೇ.”

ದೊಡ್ಡ ಟೀಚರ್ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. ಬಳಗದಲ್ಲಿ ಅವನ ಸೇವೆ ಅಲ್ಲಿಗೆ ಮುಗಿಯಿತು. ಭಾನುವಾರ ಅವನ ಆತ್ಮಿಕ ಸ್ಥಿತಿಗಾಗಿ ಎಲ್ಲರೂ ಪ್ರಾರ್ಥಿಸಬೇಕೆಂದು ಕೋರಲಾಯಿತು. ನಾವು ಶ್ರದ್ಧೆಯಿಂದ ಪ್ರಾರ್ಥಿಸಿದೆವು; ಕೂತಲ್ಲೇ ಆಗುವ ಕೆಲಸಗಳಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ.

ಅತ್ತ ಚೀಟಿಯಣ್ಣ ಅದೇ ಗುರುವಾರ ಸಂಜೆಯಿಂದಲೇ ಬೋಧಕರ ಮನೆಗೆ ಹೋಗತೊಡಗಿದ್ದ. ಒಂದು ಕೈಯಲ್ಲಿ ಪ್ಲೇಟಿನ ಪೆಟ್ಟಿಗೆ, ಇನ್ನೊಂದರಲ್ಲಿ ಅರ, ಮೇಣ, ಉಜ್ಜುಕಾಗದ. ಮಗಳು ಬಾಗಿಲನ್ನು ಅಂಗೈಯಗಲ ತೆರೆದಳು.

“ಇವತ್ತು ಎಷ್ಟನೇ ನಂಬರ್ ಹುಡುಕ್ಕೊಂಡು ಬಂದ್ರಿ ಅಣ್ಣ?”

“ತಪ್ಪಾಯ್ತಮ್ಮ. ಪ್ಲೇಟ್ ತಂದಿದ್ದೀನಿ.”

“ಬೇಡ ಅಂದಿದ್ದಾರೆ.”

“ಮೆಟ್ಟಿಲ ಮೇಲೆ ಕೂತಿರ್ತೀನಿ. ಬೇಕು ಅಂದಾಗ ಕರೀರಿ.”

ಕರೆಯಲಿಲ್ಲ. ದಿನವೂ ಕೆಲಸ ಮುಗಿಸಿ ಬಂದು ಏಳರವರೆಗೆ ಕೂತ. ಶುಕ್ರವಾರ ಮೇಲಿನ ಮಹಡಿಯವರು ಇವನನ್ನು ವಾಚ್‌ಮನ್ ಎಂದುಕೊಂಡು ನೀರಿನ ಮೋಟರ್ ಯಾಕೆ ಹಾಕಿಲ್ಲ ಎಂದು ದಬಾಯಿಸಿದರು. ಶನಿವಾರವೂ ಕೂತ. ಹತ್ತು ದಿನದಲ್ಲಿ ಮೂರು ಕಳೆದವು, ನಾಲ್ಕು ಕಳೆದವು. ಹೇಳಲು ಏನೂ ಇಲ್ಲದೆ ಒಬ್ಬರ ಬಾಗಿಲಲ್ಲಿ ಕೂತಿರುವುದು ಎಂಥ ಹಿಂಸೆ ಎಂದು ಅವನಿಗೆ ಆಗ ತಿಳಿಯಿತಂತೆ. ತಿಳಿಯದೆ ಏನು. ನಾವು ಆಡುವ ಧೈರ್ಯದ ಮಾತುಗಳಲ್ಲಿ ಹೆಚ್ಚಿನವು ಅಲ್ಲಿಂದ ಬೇಗ ಎದ್ದು ಹೊರಡಲು ಮಾಡಿಕೊಂಡ ದಾರಿ. ನಾವು ಆರಾಧಿಸುವಾತ ಕುರುಡನ ಕಣ್ಣಿಗೆ ಉಗುಳಿನ ಕೆಸರನ್ನು ತನ್ನ ಕೈಯಿಂದಲೇ ಹಚ್ಚಿದವನು, ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಯನ್ನು ಮುಟ್ಟಿದವನು. ಆತನನ್ನು ಬಲ್ಲೆವೆನ್ನುವ ನಮಗೆ ನೇರಳೆ ಶಾಯಿ ತಾಗಿದರೂ ಕೈ ತೊಳೆಯಬೇಕು.

ಸೋಮವಾರ ಬಾಗಿಲ ಸಂದಿನಿಂದ ಒಂದು ಕಾಗದ ಹೊರಬಂತು. ಬೋಧಕರು ಈಗ ಮಾತಾಡುತ್ತಿದ್ದುದು ಪೆನ್ಸಿಲಿನಲ್ಲಿ, ತಮ್ಮ ಹಳೆಯ ಪ್ರಸಂಗಗಳ ಹಾಳೆಯ ಹಿಂಬದಿಯಲ್ಲಿ. ಮುಂಬದಿಯಲ್ಲಿ ದೇವರ ಗುಣಲಕ್ಷಣಗಳು ಅಚ್ಚುಕಟ್ಟಾಗಿದ್ದವು. ಹಿಂಬದಿಯಲ್ಲಿ ಇಷ್ಟೇ ಇತ್ತು: “ಓದಲು ಏನಾದರೂ ತಂದಿದ್ದಾನೆಯೇ?”

“ಇಲ್ಲ ಅಂತ ಹೇಳಮ್ಮ.”

ಇನ್ನೊಂದು ಹಾಳೆ. “ಪ್ರಾರ್ಥನೆ ಮಾಡುತ್ತಾನೆಯೇ?”

“ಕೆಲಸ ಮಾಡ್ವಾಗ ಬಾಯಿ ಮುಚ್ಕೊಂಡಿರ್ತೀನಿ ಅನ್ನು.”

ಬಾಗಿಲು ತೆರೆಯಿತು.

ಚೀಟಿಯಣ್ಣ ಕೈ ತೊಳೆದು ಬಂದು ಬೋಧಕರ ಕುರ್ಚಿಯ ಮುಂದೆ ಮಂಡಿಯೂರಿದ. ಬಾಯಿ ಕಾಣಬೇಕಾದರೆ ಬೇರೆ ದಾರಿಯಿರಲಿಲ್ಲ. “ಅಯ್ಯನವರೇ, ಅವತ್ತು ನಾನು...” ಎಂದು ಶುರುಮಾಡಿದ. ಬೋಧಕರು ಪೆನ್ಸಿಲ್ ಎತ್ತಿ ತಡೆದು, ನಿಧಾನವಾಗಿ ಬರೆದು ತೋರಿಸಿದರು: “ನಲವತ್ತು ವರ್ಷ ನಾನೂ ಚೀಟಿಯನ್ನೇ ಹಂಚಿದ್ದು. ನನ್ನವು ಉದ್ದ ಇದ್ದವು.”

ಇವನಿಗೆ ಸುಮ್ಮನಿರಲಾಗಲಿಲ್ಲ. “ಈಗ ಆತನ ಬಗ್ಗೆ ಏನನ್ಸುತ್ತೆ ಅಯ್ಯನವರೇ?”

“ಮೊದಲು ನೀರು ಕುಡಿಯುವ ಹಾಗಾಗಲಿ. ಆಮೇಲೆ ನೋಡೋಣ” ಎಂದು ಪೆನ್ಸಿಲ್ ಬರೆಯಿತು.

ಅವರು ಬಾಯಿ ತೆರೆದರು. ಗಾಯದ ವಾಸನೆ ಇವನ ಮುಖಕ್ಕೆ ಹೊಡೆಯಿತು. ಇಪ್ಪತ್ತೆರಡು ವರ್ಷ ಬಾಯಿಗಳ ನಡುವೆ ಕೆಲಸ ಮಾಡಿದವನಿಗೆ ಬಾಯಿಗೆ ವಾಸನೆಯಿರುತ್ತದೆ ಎಂಬುದು ಹೊಸ ಸುದ್ದಿ, ಪ್ಲಾಸ್ಟರಿಗೆ ಅದಿಲ್ಲ. ಮುಖ ತಿರುಗಿಸಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಪ್ಲೇಟನ್ನು ಓರೆಯಾಗಿ ಒಳಗೆ ಸರಿಸಿ ಮೇಲಕ್ಕೆ ಒತ್ತಿದ. ಬೋಧಕರು ಅವನ ಮಣಿಕಟ್ಟು ಹಿಡಿದರು, ಉಗುರು ಇಳಿಯುವ ಹಾಗೆ. ಹೊರತೆಗೆದ. ತಾಗಿದ ಕಡೆ ಗುರುತು ಹಾಕಿ ಅರದಿಂದ ಉಜ್ಜಿದ, ಬೆರಳಿನಿಂದ ಸವರಿ ನೋಡಿದ, ಮತ್ತೆ ಹಾಕಿದ. ಮತ್ತೆ ಉಗುರು. ಮೂರನೆಯ ಸಲಕ್ಕೆ ಅವರ ಕಣ್ಣಲ್ಲಿ ನೀರು ಇಳಿಯಿತು. “ಸಾಕು ಮಾಡೋಣ್ವಾ?” ಎಂದ. ಅವರು ತಲೆಯಾಡಿಸಿ ಬೇಡವೆಂದರು. ನಾಲ್ಕನೆಯ ಸಲ ಪ್ಲೇಟು ಸಣ್ಣ ಸದ್ದು ಮಾಡಿ ಕೂತಿತು.

ಮಗಳು ಒಂದು ಲೋಟ ನೀರು, ಒಂದು ಚಮಚ ತಂದಳು. ಅವಳು ನೋಡುತ್ತಿದ್ದುದು ಅಪ್ಪನ ಬಾಯಿಯನ್ನಲ್ಲ, ಮೂಗನ್ನು. ಬೋಧಕರು ಚಮಚವನ್ನು ತುಟಿಗೆ ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು. ಬಳಿಕ ಒಳಗೆ ಬಿಟ್ಟುಕೊಂಡರು. ಗಂಟಲ ಮಣಿ ಮೇಲೆ ಹೋಯಿತು, ಕೆಳಗೆ ಇಳಿಯಿತು. ಮೂಗಿನಿಂದ ಒಂದು ಹನಿಯೂ ಬರಲಿಲ್ಲ. ಎರಡನೆಯ ಚಮಚ. ಮೂರನೆಯದು. ಮಗಳು ಲೋಟವನ್ನು ಅಲ್ಲೇ ನೆಲದ ಮೇಲಿಟ್ಟು ಅಡುಗೆಮನೆಗೆ ಹೋದಳು. ಒಳಗೆ ನಲ್ಲಿ ಸುಮ್ಮನೆ ಹರಿಯುವ ಸದ್ದು ಕೇಳಿತು.

ಬೋಧಕರು ಪೆನ್ಸಿಲ್‌ಗೆ ಕೈ ಹಾಕಿ, ಏನನ್ನೋ ನೆನೆಸಿಕೊಂಡು, ಹಾಗೇ ಬಿಟ್ಟರು. ಡಬ್ಬಿಯೊಳಗಿಂದ ಬಂದಂತಹ, ಆದರೆ ಅಕ್ಷರ ಅಕ್ಷರವೂ ತಿಳಿಯುವ ಸ್ವರವೊಂದು ಹೊರಟಿತು.

“ಎಡಗಡೆ ಚುಚ್ತಿದೆ ಕಣಯ್ಯಾ.”

ಚೀಟಿಯಣ್ಣ ಬೆಪ್ಪಾಗಿ ನೋಡಿದ. “ಎಲ್ಲಿ ಅಯ್ಯನವರೇ?”

“ಎಡಗಡೆ ಅಂದ್ನಲ್ಲ. ನಿನ್ನ ಕಿವಿಗೂ ಅಚ್ಚು ತೆಗೀಬೇಕಾ?”

ಅವನು ಪ್ಲೇಟನ್ನು ಮೆಲ್ಲಗೆ ಬಿಡಿಸಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಎಡಗಡೆಯ ಅಂಚನ್ನು ಹುಡುಕಿ ಉಜ್ಜತೊಡಗಿದ. ಬೋಧಕರು ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು.