ದೊಡ್ಡಮ್ಮನ ಹತ್ರ ಹೋಗು

ನನ್ನ ಓರಗಿತ್ತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹತ್ತು ವರ್ಷ ಕೌಂಟರಿನ ಹಿಂದೆ ನಿಂತವಳು. ಯಾವ ಡಾಕ್ಟರು ಎಷ್ಟೇ ಕೋಳಿ ಕೆದಕಿದ ಹಾಗೆ ಬರೆದರೂ ಚೀಟಿಯನ್ನು ಒಮ್ಮೆ ನೋಡಿ ಸೀದಾ ಕಪಾಟಿಗೆ ಕೈ ಹಾಕುತ್ತಿದ್ದಳು. ಹಾಗಾಗಿ ಅವಳಿಗೆ ಸುಳ್ಳು ಹೇಳುವ ಅವಕಾಶವೇ ನಮಗೆ ಸಿಗಲಿಲ್ಲ. ಡಾಕ್ಟರು ಅವಳ ಗಂಡನನ್ನು, ಅಂದರೆ ನನ್ನ ಮೈದುನನನ್ನು, ಒಳಗೆ ಕರೆದು ಇನ್ನು ಮೂರ್ನಾಲ್ಕು ತಿಂಗಳು ಎಂದು ಹೇಳುತ್ತಿದ್ದಾಗ ಇವಳು ಹೊರಗೆ ಬೆಂಚಿನ ಮೇಲೆ ಕೂತು ಹೊಸ ಚೀಟಿ ಓದುತ್ತಿದ್ದಳು. ನೋವಿಗೊಂದು, ವಾಂತಿಗೊಂದು, ಮಲಬದ್ಧತೆಗೊಂದು. ಅಷ್ಟೇ.

“ಅಕ್ಕ, ಗಡ್ಡೆಗೆ ಅಂತ ಇದ್ರಲ್ಲಿ ಏನೂ ಬರೆದಿಲ್ಲ,” ಎಂದಳು.

“ಮರೆತಿರ್ಬೇಕು,” ಎಂದೆ ನಾನು.

“ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಜಗಳ ಆಡೋಕೆ ಮಾತ್ರ ಬರೋದು,” ಎಂದು ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡಳು. ಆಗ ಅವಳಿಗೆ ಮೂವತ್ತೆರಡು.

ಜಗಳದ ಮಾತು ನಿಜ. ಮದುವೆಯಾಗಿ ಬಂದ ಮೊದಲ ವಾರವೇ ಅವಳು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಳು, ಸಕ್ಕರೆ ಡಬ್ಬಿಯ ಮೇಲೆ ‘ಸಕ್ಕರೆ’ ಅಂತ. ಹನ್ನೆರಡು ವರ್ಷದಿಂದ ಅದೇ ಡಬ್ಬಿಯಲ್ಲಿ ಸಕ್ಕರೆ ಇಟ್ಟವಳು ನಾನು. ಮೈಯೆಲ್ಲ ಉರಿದುಹೋಯಿತು. ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ನನಗೆ ಜ್ವರ ಬಂತು; ಹೊತ್ತುಹೊತ್ತಿಗೆ ಬಂದು ಮಾತ್ರೆ ನುಂಗಿಸಿದಳು, ಅದೂ ಬೈದುಕೊಂಡೇ. ಅಲ್ಲಿಂದ ಎಂಟು ವರ್ಷ ನಾವಿಬ್ಬರೂ ಕಚ್ಚಾಡಿಕೊಂಡು ಚೆನ್ನಾಗಿಯೇ ಇದ್ದೆವು.

ನಮ್ಮದು ಬಸ್ ಡಿಪೋದವರ ಮನೆ. ಮಾವ ನಿವೃತ್ತ ಡ್ರೈವರು, ನನ್ನ ಗಂಡ ಮೆಕ್ಯಾನಿಕ್ಕು, ಮೈದುನ ಡಿಪೋದಲ್ಲಿ ಡ್ಯೂಟಿ ಚಾರ್ಟು ಬರೆಯುವವನು. ನಾನು ಮನೆಯಲ್ಲೇ ಯೂನಿಫಾರಂ ಹೊಲಿಯುತ್ತೇನೆ. ಬೇರೆ ಮನೆಯವರಾಗಿದ್ದರೆ ಕೂತು ಅಳುತ್ತಿದ್ದರೇನೋ. ಮೈದುನ ಆಸ್ಪತ್ರೆಯಿಂದ ಬಂದವನೇ ಸ್ಕೇಲು, ಪೆನ್ಸಿಲು ಹಿಡಿದು ಕೂತ. ಮಾತ್ರೆ ಕೊಡುವುದು, ಸ್ನಾನ ಮಾಡಿಸುವುದು, ಮಗುವಿಗೆ ತಲೆ ಬಾಚುವುದು, ಶಾಲೆಯಿಂದ ಕರೆತರುವುದು, ಎಲ್ಲದಕ್ಕೂ ಗೆರೆ ಎಳೆದು ಒಂದೊಂದು ಮನೆ, ಮನೆಯೊಳಗೆ ಒಬ್ಬೊಬ್ಬರ ಹೆಸರು. ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿ, “ಅತ್ತಿಗೆ, ಲೇಟ್ ಆದ್ರೆ ಮೊದಲೇ ಹೇಳ್ಬಿಡಿ,” ಎಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡ. ಅರ್ಧ ಗಂಟೆ ನೀರು ಸುರಿಯುತ್ತಲೇ ಇತ್ತು, ಯಾರೂ ಬಾಗಿಲು ತಟ್ಟಲಿಲ್ಲ.

ಚಾರ್ಟು ಚೆನ್ನಾಗಿಯೇ ನಡೆಯಿತು ಅನ್ನಿ. ಮಾವನಿಗೆ ಬೆಳಿಗ್ಗೆ ಸೊಸೆಗೆ ಪೇಪರು ಓದಿ ಹೇಳುವ ಡ್ಯೂಟಿ. ಸಾವಿನ ಸುದ್ದಿ ಇರುವ ಹಾಳೆಯನ್ನು ಮೆಲ್ಲನೆ ಎಳೆದು ದಿಂಬಿನ ಕೆಳಗೆ ತಳ್ಳುತ್ತಿದ್ದರು. “ಮಾವ, ಏಳನೇ ಪುಟ ಎಲ್ಲೋಯ್ತು?” ಎಂದು ಅವಳು ದಿನವೂ ಕೇಳುವಳು. “ಇವತ್ತು ಪ್ರಿಂಟೇ ಮಾಡಿಲ್ಲಮ್ಮ,” ಎಂದು ಇವರು ದಿನವೂ ಹೇಳುವರು. ಅವಳ ಮಗಳನ್ನು ನಾವು ಚಿನಕುರುಳಿ ಎನ್ನುತ್ತಿದ್ದೆವು. ಆರು ವರ್ಷದ ಹುಡುಗಿ, ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಅವಳು ನಾಲ್ಕು ಜನರ ಕೈಯಿಂದ ಕೈಗೆ ಹೋಗುತ್ತಿದ್ದಳು. ಡಿಪೋದಲ್ಲಿ ಒಬ್ಬ ಡ್ರೈವರು ಇನ್ನೊಬ್ಬನಿಗೆ ಬಸ್ಸು ವಹಿಸಿಕೊಟ್ಟ ಹಾಗೆ “ತಿಂಡಿ ಆಗಿದೆ, ಮೂಗು ಸೋರ್ತಿದೆ” ಎಂದು ಹೇಳಿ ಮುಂದಿನವರಿಗೆ ಒಪ್ಪಿಸುತ್ತಿದ್ದರು.

ಒಂದು ಗುರುವಾರ ಚಾರ್ಟು ಕೈಕೊಟ್ಟಿತು. ಶಾಲೆ ಅಂದು ಹನ್ನೆರಡೂವರೆಗೇ ಬಿಡುವುದಿತ್ತು. ಹಾಗೆಂದು ಹಿಂದಿನ ದಿನವೇ ಬರೆದುಕೊಟ್ಟಿದ್ದ ಚೀಟಿ ಮಗುವಿನ ಬ್ಯಾಗಿನಲ್ಲಿತ್ತು. ಬ್ಯಾಗು ತೆರೆದು ನೋಡುವುದು ಯಾವಾಗಲೂ ತಾಯಿಯ ಕೆಲಸ. ಚಾರ್ಟಿನಲ್ಲಿ ಅದಕ್ಕೊಂದು ಮನೆಯೇ ಇರಲಿಲ್ಲ. ಶಾಲೆಯವರ ಹತ್ತಿರ ಇದ್ದದ್ದು ಅವಳದೊಂದೇ ನಂಬರು. ನಿದ್ದೆ ಕೆಡದಿರಲೆಂದು ಅವಳ ಫೋನನ್ನು ನಾನೇ ಆಫ್ ಮಾಡಿಟ್ಟಿದ್ದೆ. ಮಾವ ಸರಿಯಾಗಿ ಮೂರೂವರೆಗೆ, ಒಂದು ನಿಮಿಷ ಹೆಚ್ಚುಕಡಿಮೆಯಿಲ್ಲದೆ, ಗೇಟಿನ ಮುಂದೆ ನಿಂತರು. ಮಗು ವಾಚ್‌ಮನ್ನಿನ ಸ್ಟೂಲಿನ ಮೇಲೆ ಬ್ಯಾಗು ತಬ್ಬಿಕೊಂಡು ಒಂಟಿಯಾಗಿ ಕೂತಿತ್ತು.

ಅಲ್ಲಿ ಅಳಲಿಲ್ಲವಂತೆ. ತಾತನ ಜೊತೆ ಸ್ಕೂಟರಿನಲ್ಲೂ ಅಳಲಿಲ್ಲ. ಬಾಗಿಲಲ್ಲಿ ನಾನು ಎತ್ತಿಕೊಳ್ಳಲು ಹೋದರೆ ನನ್ನ ಕೈ ಸರಿಸಿ ಒಳಗೆ ಓಡಿತು. ತಾಯಿಯ ಪಕ್ಕಕ್ಕೆ ಬಿದ್ದು ಆಮೇಲೆ ಶುರು ಮಾಡಿದ್ದು. ಬಿಕ್ಕಿ ಬಿಕ್ಕಿ ಸುಸ್ತಾಗಿ ನಿದ್ದೆ ಹೋಯಿತು.

ಸಂಜೆ ಅವಳು ನಮ್ಮ ನಾಲ್ವರನ್ನೂ ಮಂಚದ ಸುತ್ತ ಕರೆಸಿದಳು. ಬೈಗುಳಕ್ಕೆ ನಾವು ತಯಾರಾಗಿದ್ದೆವು. ಅವಳು ಬೈಯಲಿಲ್ಲ.

“ಮೂರು ಗಂಟೆ ಹೊತ್ತು ಅಳು ತಡ್ಕೊಂಡು ಬಂದಿದಾಳೆ, ನಂಗೋಸ್ಕರ. ನಾಳೆ ಅದನ್ನ ಎಲ್ಲಿಗೆ ತಗೊಂಡು ಹೋಗ್ತಾಳೆ?”

ಮೈದುನ ನೆಲ ನೋಡಿದ.

“ಊಟ, ಸ್ನಾನ ನೀವು ಹಂಚ್ಕೊಳ್ಳಿ. ಅಳೋದನ್ನ ಹಂಚೋಕಾಗಲ್ಲ. ಅದಕ್ಕೆ ಒಬ್ಬರೇ ಬೇಕು. ನಾನಿರೋವಾಗ್ಲೇ ಅದು ಅಭ್ಯಾಸ ಆಗ್ಬೇಕು, ನಾನು ಕಣ್ಣಾರೆ ನೋಡ್ಬೇಕು.” ನನ್ನ ಕಡೆ ತಿರುಗಿ, “ಅಕ್ಕ, ನೀನೇ,” ಎಂದಳು.

“ನನ್ನ ಬಾಯಿ ಸರಿ ಇಲ್ಲ ಕಣೇ. ನನ್ನ ಮಗಳೇ ಹಾಸ್ಟೆಲ್ ಸೇರಿದ್ಮೇಲೆ ನೆಮ್ಮದಿಯಾಗಿದೀನಿ ಅಂತಾಳೆ.”

“ಗೊತ್ತು. ಬೈತೀಯ, ಬೈದು ಹತ್ತು ನಿಮಿಷಕ್ಕೆ ಬಂದು ತಲೆ ಸವರ್ತೀಯ. ಚಿನಕುರುಳಿಗೂ ಗೊತ್ತು.”

ಮರುದಿನದಿಂದಲೇ ಅವಳು ಒಂದು ನಿಯಮ ಮಾಡಿದಳು. ಆಟಕ್ಕೆ, ಕಥೆಗೆ, ಮುದ್ದಿಗೆ ಮಗು ಅವಳ ಹತ್ತಿರ. ಅಳು ಬಂದರೆ ಮಾತ್ರ ನನ್ನ ಹತ್ತಿರ. ಮಗು ಮಂಡಿ ತರಚಿಕೊಂಡು ಬಂದರೆ, “ದೊಡ್ಡಮ್ಮನ ಹತ್ರ ಹೋಗು” ಎಂದು ಗೋಡೆಯ ಕಡೆ ತಿರುಗುವಳು. ಮಗು ನನ್ನ ಬಳಿ ಬರುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಗೋಡೆಗೆ ಮುಖ ಒತ್ತಿ ಅಳುತ್ತಿತ್ತು. ಎತ್ತಿಕೊಂಡರೆ ಒದೆಯುತ್ತಿತ್ತು, ಒಮ್ಮೆ ತೋಳಿಗೆ ಕಚ್ಚಿತು. ಮಾವ ನೋಡಲಾಗದೆ ಪೇಪರು ಬಿಟ್ಟು ಎದ್ದು ಹೋಗುತ್ತಿದ್ದರು. ನನ್ನ ತಾಳ್ಮೆ ಐದನೆಯ ದಿನಕ್ಕೇ ಹಾರಿಹೋಯಿತು.

“ನಿಂಗೆ ತಲೆ ಕೆಟ್ಟಿದೆಯಾ?” ಎಂದು ಕೂಗಾಡಿದೆ. “ಇರೋ ನಾಲ್ಕು ದಿನ ಮಗೂನ ಎತ್ಕೊಳ್ಳೋದು ಬಿಟ್ಟು, ಇದೇನೇ ಕಟುಕತನ?”

“ಎತ್ಕೊಂಡ್ರೆ ನಂಗೆ ಹಿತ. ಅವಳಿಗೆ?” ಎಂದಳು. ಅಷ್ಟು ಹೇಳುವುದಕ್ಕೇ ಏದುಸಿರು ಬಂತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅವಳು ಸರಿ ಅನ್ನಿಸಿತು ಅಂತಲ್ಲ. ಅವಳಿಗೆ ಉಸಿರು ಸಾಲುತ್ತಿರಲಿಲ್ಲ, ಅದಕ್ಕೆ.

ಆರು ವಾರ ಹೀಗೇ ನಡೆಯಿತು. ನೋವಿನ ಮಾತ್ರೆ ದಿನಕ್ಕೆ ಎರಡರಿಂದ ಆರಾಯಿತು. ಲೆಕ್ಕ ಕೊನೆಯವರೆಗೂ ಅವಳೇ ಇಟ್ಟಳು. ಕರೆದರೆ ಕೇಳಲೆಂದು ನನ್ನ ಹೊಲಿಗೆ ಯಂತ್ರವನ್ನು ಅವಳ ಕೋಣೆಯ ಕಿಟಕಿಯ ಪಕ್ಕಕ್ಕೆ ತಂದಿಟ್ಟುಕೊಂಡಿದ್ದೆ. ಯಂತ್ರದ ಸದ್ದಿಗೆ ಚೆನ್ನಾಗಿ ನಿದ್ದೆ ಬರುತ್ತದೆ ಎನ್ನುತ್ತಿದ್ದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದಿರಬಹುದು.

ಅವಳು ಹೋಗುವುದಕ್ಕೆ ಹನ್ನೆರಡು ದಿನ ಮೊದಲು, ಒಂದು ಭಾನುವಾರ ಮಧ್ಯಾಹ್ನ, ನಾನು ಕಾಲರು ಹೊಲಿಯುತ್ತಿದ್ದೆ. ಅವಳು ಎಚ್ಚರವಾಗಿದ್ದಳು. ಹೊರಗೆ ಆಡುತ್ತಿದ್ದ ಚಿನಕುರುಳಿ ಕಬ್ಬಿಣದ ಗೇಟಿಗೆ ಬೆರಳು ಸಿಕ್ಕಿಸಿಕೊಂಡು ಕಿರುಚಿತು. ಮರುಕ್ಷಣವೇ ಕೋಣೆಗೆ ನುಗ್ಗಿತು. ಬಾಗಿಲಿಂದ ಮಂಚಕ್ಕೆ ಎರಡು ಹೆಜ್ಜೆ. ನನ್ನ ಯಂತ್ರ ಅದರಾಚೆ, ಕೋಣೆಯ ಆ ತುದಿಗೆ. ಮಗು ಮಂಚ ದಾಟಿ ಬಂದು ನನ್ನ ಮಡಿಲಿಗೆ ಮುಖ ಹಾಕಿತು.

ನಾನು ತಲೆಯೆತ್ತಿ ನೋಡಿದೆ. ಅವಳು ಮೊಣಕೈ ಊರಿ ಅರ್ಧ ಎದ್ದಿದ್ದಳು, ಒಂದು ಕೈ ಆಗಲೇ ಹೊದಿಕೆಯಿಂದ ಹೊರಗೆ ಚಾಚಿತ್ತು. ಆ ಕೈಯನ್ನು ಮೆಲ್ಲನೆ ಒಳಗೆ ಎಳೆದುಕೊಂಡಳು. ನೋಡಬೇಕೆಂದಿದ್ದನ್ನು ನೋಡಿದ್ದಳು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಕರೆ, ಒಂದು ಸಲ ಕರೆ ಎಂದು ಕೈಸನ್ನೆ ಮಾಡಿದೆ.

ಅವಳು ಬೇಡವೆಂದು ತಲೆಯಾಡಿಸಿದಳು. ಮಗುವಿನ ಅಳುವಿನ ನಡುವೆ ನನಗೆ ಕೇಳಿಸುವಷ್ಟೇ ದನಿಯಲ್ಲಿ ಹೇಳಿದಳು: “ನೋವಾಯ್ತಾ ಅಂತ ನೀನೇ ಕೇಳು ಅಕ್ಕ. ನಾನು ಕೇಳಿದ್ರೆ ಇಲ್ಲಿಗೆ ಬಂದ್ಬಿಡ್ತಾಳೆ.”

ಮಗುವಿನ ಬೆರಳನ್ನು ನನ್ನ ಮುಷ್ಟಿಯಲ್ಲಿ ಹಿಡಿದುಕೊಂಡೆ. ನೋವಾಯ್ತಾ ಅಂತ ನಾನೇ ಕೇಳಿದೆ.