ಬಲಕ್ಕೆ ಬಿದ್ದ ಹೂ

ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಕೊಳ್ಳುವ ಒಂದು ಕಂಪನಿಯ ಆಫೀಸಿತ್ತು. ಸೊಪ್ಪಿನ ಬೇಲುಗಳನ್ನು ತಂದ ಬೆಳೆಗಾರರೆಲ್ಲ ಹೊರಗೆ ತಗಡಿನ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದರು. ನಾನು ಹೋದರೆ ಮಾತ್ರ ಜವಾನ ಒಳಗೆ ಕರೆದು ಒಂದು ಕುರ್ಚಿ ಎಳೆದು ಹಾಕಿ, "ಕೂತ್ಕಳಿ, ಮೇಡಂ ಅವರ ಅಣ್ಣ ಅಲ್ವಾ" ಅನ್ನುತ್ತಿದ್ದ. ಮೇಡಂ ಅಂದರೆ ನನ್ನ ತಂಗಿ. ಬಿ.ಕಾಂ. ಮುಗಿಸಿ ಅಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಳು. ಅಪ್ಪ ತೀರಿಕೊಂಡ ವರ್ಷ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನ್ನನ್ನು ಅದುವರೆಗೆ ಯಾವ ಆಫೀಸಿನಲ್ಲೂ ಯಾರೂ ಕೂರು ಅಂದಿರಲಿಲ್ಲ.

ಆಮೇಲೆ ಅವಳು ಕೆಲಸ ಬಿಟ್ಟು ಎಂ.ಬಿ.ಎ. ಓದಲು ಮೈಸೂರಿಗೆ ಹೋದಳು. ನಾನೇ ಕಳಿಸಿದೆ, ಊರೆಲ್ಲ ಹೇಳಿಕೊಂಡೂ ಬಂದೆ. ಮುಂದಿನ ಹಂಗಾಮಿನಲ್ಲಿ ರೂಢಿಯಂತೆ ಒಳಗೆ ಹೋಗಿ ಕೂತೆ. ಹೊಸ ಗುಮಾಸ್ತನೊಬ್ಬ ತಲೆಯೆತ್ತಿ, "ಯಾರ್ರೀ ನೀವು? ರೈತರೆಲ್ಲ ಹೊರಗೆ" ಅಂದ. ಎದ್ದು ಬಂದೆ. ತಗಡಿನ ಕೆಳಗೆ ಕೂತಿದ್ದ ನಮ್ಮೂರಿನವರು ಎಲ್ಲವನ್ನೂ ನೋಡಿದ್ದರು.

"ಏನ್ಲಾ, ಕುರ್ಚಿ ಕಾದಿತ್ತಾ? ಇಷ್ಟು ಬೇಗ ಎದ್ಬುಟ್ಟೆ?"

"ಬುಡ್ಲಾ ಪಾಪ, ನೆಲದ ಮ್ಯಾಲೆ ಕೂರೋದು ಮರ್ತೋಗದೆ ಅವನ್ಗೆ."

ನಾನೂ ನಕ್ಕೆ. ಅವರ ನಗುವನ್ನು ನುಂಗಲು ಮಾತ್ರ ನನ್ನಿಂದ ಆಗಲಿಲ್ಲ.

ತಂಗಿಯ ಓದು ಮುಗಿಯುವ ಹೊತ್ತಿಗೆ ಅವಳ ಮುಂದೆ ಎರಡು ದಾರಿ ಬಂದವು. ಹಳೇ ಕಂಪನಿಯ ಮ್ಯಾನೇಜರು, ವಾಪಸ್ಸು ಬಂದರೆ ಆಫೀಸರ್ ಮಾಡುತ್ತೇನೆ ಅಂತ ಹೇಳಿಕಳಿಸಿದ್ದರು. ಇನ್ನೊಂದು ಮುಂಬೈಯದು. ಅವಳ ಮೇಷ್ಟ್ರೊಬ್ಬರು ಶಿಫಾರಸು ಮಾಡಿದ್ದ ಒಂದು ಪ್ರೈವೇಟ್ ಈಕ್ವಿಟಿ ಕಂಪನಿಯಲ್ಲಿ ಕೆಲವು ತಿಂಗಳ ಇಂಟರ್ನ್‌ಶಿಪ್. ಊರಿಗೆ ಬಂದವಳು ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮುಂದಿನ ಕಟ್ಟೆಯ ಮೇಲೆ ಕೂತು ನನಗೆ ಅದನ್ನು ಬಿಡಿಸಿ ಹೇಳಿದಳು.

"ಬೇರೆಯೋರ ದುಡ್ಡು ತಗೊಂಡು ಇನ್ನೂ ಬೆಳೀತಿರೋ ಕಂಪ್ನೀಲಿ ಪಾಲು ತಗೋತಾರೆ ಅಣ್ಣ. ನಾಕೈದು ವರ್ಷ ನೋಡ್ಕೊಂಡು, ಬಲಿತ ಮೇಲೆ ಮಾರ್ತಾರೆ."

"ಪಾಲಿಗೆ ಕುರಿ ಸಾಕೋ ಅಂಗೆ ಅನ್ನು."

"ಹೂಂ, ಹಂಗೇ! ಯಾವ ಮರಿ ಬಲೀತದೆ ಅಂತ ನೋಡೋದನ್ನ ನಂಗೆ ಕಲಿಸ್ತಾರೆ."

"ಕಲಿಸಿ ಕೆಲ್ಸ ಕೊಡ್ತಾರಾ?"

"ಇಷ್ಟ ಆದ್ರೆ ಇಟ್ಕೋತಾರೆ. ಇಲ್ಲಾಂದ್ರೆ ಇಲ್ಲ."

ಹೇಳುವಾಗ ಅವಳ ಮುಖ ಹೊಳೆಯುತ್ತಿತ್ತು, ಮರುಕ್ಷಣ ಬಾಡುತ್ತಿತ್ತು. ಅಲ್ಲಿ ಇಟ್ಟುಕೊಳ್ಳದಿದ್ದರೆ ಇಲ್ಲಿನದೂ ಕೈತಪ್ಪುತ್ತದೆ, ತನಗೆ ಹಿಂದಿಯೂ ಸರಿಯಾಗಿ ಬಾರದು ಅನ್ನುತ್ತಿದ್ದಳು. ಮತ್ತೆ ತಾನೇ, "ಆದ್ರೆ ಇಂಥದ್ದು ಎರಡ್ನೇ ಸಲ ಬರಲ್ಲ ಅಣ್ಣ, ನೀನೇನಂತೀಯ?" ಅನ್ನುತ್ತಿದ್ದಳು. ಹೋಗು ಅನ್ನುವ ಒಂದು ಮಾತಿಗೆ ಅವಳು ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. "ನೀನು ಓದ್ದೋಳು ಕಣವ್ವ, ನಂಗೇನು ಗೊತ್ತಾಯ್ತದೆ" ಅಂದು ಬ್ಯಾರನ್ನಿನ ಒಲೆಗೆ ಸೌದೆ ನೂಕಿದೆ.

ಕೊನೆಗೆ ಅವ್ವ ಅಂದಳು, "ಹೂ ಕೇಳ್ದೆ ಒಸ್ತಿಲು ದಾಟಬ್ಯಾಡ."

ನಮ್ಮ ಮನೆದೇವತೆಯ ಗುಡಿ ಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ದೇವಿಯ ಎರಡೂ ಭುಜಕ್ಕೆ ಪೂಜಾರಿ ಒದ್ದೆ ಹೂ ಅಂಟಿಸುತ್ತಾನೆ. ಕೇಳುವವರು ಬಲಕ್ಕೆ ಒಂದು, ಎಡಕ್ಕೆ ಒಂದು ಅಂತ ಮನಸ್ಸಿನಲ್ಲೇ ಇಟ್ಟುಕೊಂಡು ನಿಲ್ಲಬೇಕು. ಯಾವ ಕಡೆಯ ಹೂ ಮೊದಲು ಬಿದ್ದರೆ ಅದೇ ಅಪ್ಪಣೆ.

ಹುಣಸೂರಿನಿಂದ ಬಸ್ಸು ಹತ್ತಿ ನಾವಿಬ್ಬರೇ ಹೋದೆವು. ಗುಡಿ ಕಾಣುವಷ್ಟು ಹತ್ತಿರ ಬಂದಾಗ ಅವಳು ನಿಂತಳು. ದಾರಿಯಲ್ಲೇ ಮುಟ್ಟಾಗಿದ್ದಳು. ಹೊಂಗೆ ಮರದ ಕೆಳಗೆ ಕೂತು, "ನೀನೇ ಕೇಳ್ಬಾ ಅಣ್ಣ. ಯಾವ ಕಡೆಗೆ ಯಾವುದು ಅಂತ ನಂಗೆ ಹೇಳ್ಬೇಡ. ಹೇಳಿದ್ರೆ ಮನಸ್ಸು ಒಂದು ಕಡೆ ವಾಲ್ತದೆ" ಅಂದಳು.

ಒಳಗೆ ನಿಂತು ಕಣ್ಣು ಮುಚ್ಚಿದೆ. ಬಲಕ್ಕೆ ಮುಂಬೈ, ಎಡಕ್ಕೆ ಹಳೇ ಕಂಪನಿ ಅಂತಲೇ ಇಟ್ಟುಕೊಂಡೆ. ಗಂಟೆ ಬಾರಿಸುತ್ತಿದ್ದ ಪೂಜಾರಿ ಮರದವರೆಗೂ ಕೇಳುವಂತೆ ಕೂಗಿದ.

"ಬಲಕ್ಕೆ ಕೊಟ್ಳು ತಾಯಿ! ಬಲಕ್ಕೆ!"

ಹೂವನ್ನು ಎಲೆಯಲ್ಲಿಟ್ಟುಕೊಂಡು ಹೊರಗೆ ಬಂದೆ. ಅವಳು ಎದ್ದು ನಿಂತಿದ್ದಳು.

"ಬಲಕ್ಕೆ ಯಾವುದು ಇಟ್ಟಿದ್ದೆ ಅಣ್ಣ?"

"ಹಳೇ ಕಂಪ್ನಿ" ಅಂದೆ.

ದೇವಿಯ ಮುಂದೆ ಮೋಸ ಮಾಡುವ ಧೈರ್ಯ ನನಗಿರಲಿಲ್ಲ. ತಂಗಿಯ ಮುಂದೆ ಇತ್ತು. ಅವಳು ಹೂವಿನ ಕಡೆ ನೋಡಿ, "ಆಯ್ತು ಬಿಡು. ಹೆಂಗೂ ಅಲ್ಲಿ ಇಟ್ಕೋತಿರ್ಲಿಲ್ಲ ಅನ್ಸುತ್ತೆ" ಅಂದಳು.

ಅವಳು ಹಳೇ ಕಂಪನಿಗೆ ಹೋದಳು. ಆಫೀಸರ್ ಮಾಡುವುದು ಮುಂದಿನ ವರ್ಷ ನೋಡೋಣ ಅಂದರಂತೆ. ಆ ಮಾತು ಪ್ರತಿ ವರ್ಷವೂ ಬಂತು. ನನ್ನನ್ನು ಎಬ್ಬಿಸಿದ್ದ ಆ ಗುಮಾಸ್ತನೇ ಅವಳ ಮೇಲಿನವನಾಗಿದ್ದ. ನನ್ನ ಕುರ್ಚಿ ಮಾತ್ರ ಮೊದಲ ದಿನವೇ ಬಂತು. ನಾನು ಅದರ ಮೇಲೆ ಕೂತು, ತಗಡಿನ ಕೆಳಗಿದ್ದವರಿಗೆಲ್ಲ ಕಾಣುವಂತೆ ಕಾಲಿನ ಮೇಲೆ ಕಾಲು ಹಾಕಿದೆ.

ಕೆಲವು ವರ್ಷ ಕಳೆದ ಮೇಲೆ, ಮುಂಬೈಯಲ್ಲಿ ಷೇರು ಬಿದ್ದು ದೊಡ್ಡ ದೊಡ್ಡ ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿವೆ ಅಂತ ಪೇಪರಿನಲ್ಲಿ ಬಂತು. ಅಕ್ಷರ ಕೂಡಿಸಿ ಕೂಡಿಸಿ ಅಷ್ಟನ್ನೂ ಓದಿದೆ. ನನ್ನ ಎದೆಯ ಕಲ್ಲು ಇಳಿದಂತಾಗಿ ಪೇಪರನ್ನು ಅವಳ ಮುಂದೆ ಹಿಡಿದೆ.

"ನೋಡ್ದಾ? ಆ ತಾಯಿ ಸುಮ್ನೆ ಹೂ ಕೊಡ್ತಾಳಾ?"

ಅವಳು ಸಾರಿಗೆ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. "ನನ್ ಜಾಗಕ್ಕೆ ಹೋದ ಹುಡುಗಿ ಇನ್ನೂ ಅಲ್ಲೇ ಅವಳೆ ಅಣ್ಣ. ಅವಳನ್ನ ಯಾರೂ ಕಳಿಸಿಲ್ಲ" ಅಂದಳು. ಪೇಪರು ಮಡಿಸಿಕೊಂಡು ಎದ್ದು ಹೋದೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ವರ್ಷ ಹುಬ್ಬಳ್ಳಿಯಲ್ಲಿ ಅವಳಿಗೆ ಒಂದು ಒಳ್ಳೆಯ ಕೆಲಸದ ಕರೆ ಬಂತು. ಅವ್ವ ಮತ್ತೆ ಹೂ ಕೇಳಬೇಕೆಂದಳು. ಈ ಸಲ ಏನೇ ಬೀಳಲಿ, ಹೋಗು ಅಂತಲೇ ಹೇಳಿಬಿಡುತ್ತೇನೆ, ಹಳೆಯದು ತೀರಿಹೋಗಲಿ ಅಂತ ಮನಸ್ಸು ಮಾಡಿಕೊಂಡು ಹೊರಟೆ. ಗುಡಿಯ ಹತ್ತಿರ ಅವಳು ಚಪ್ಪಲಿ ಬಿಟ್ಟು, "ನೀನು ಮರದ ಕೆಳಗೆ ಕೂತಿರು ಅಣ್ಣ, ನಾನೇ ಕೇಳ್ತೀನಿ" ಅಂದಳು.

ಪೂಜಾರಿ, "ಮನಸ್ಸಲ್ಲಿ ಮಡಿಕ್ಕಂಡ್ಯಾ ಮಗಾ?" ಅಂದದ್ದು ಕೇಳಿಸಿತು.

"ಮನಸ್ಸಲ್ಲಿ ಬ್ಯಾಡ ಸ್ವಾಮಿ, ಬಾಯಲ್ಲೇ ಹೇಳ್ತೀನಿ. ಮರದ ಕೆಳಗಿರೋರ್ಗೂ ಕೇಳ್ಲಿ. ಬಲಕ್ಕೆ ಬಿದ್ರೆ ಹುಬ್ಬಳ್ಳಿಗೆ ಹೋಗ್ತೀನಿ. ಎಡಕ್ಕೆ ಬಿದ್ರೆ ಇಲ್ಲೇ ಇರ್ತೀನಿ."

ಹೊಂಗೆ ಮರದ ಬುಡದಲ್ಲಿ ನನಗೆ ತಲೆ ಎತ್ತಲಾಗಲಿಲ್ಲ. ಗಂಟೆ ಬಹಳ ಹೊತ್ತು ಮೊಳಗಿತು.

"ಎಡಕ್ಕೆ ಕಣವ್ವ" ಅಂದ ಪೂಜಾರಿ.

ಅವಳು ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ಬೈಯಲಿಲ್ಲ, ಅಳಲಿಲ್ಲ. ಹೋಗು ಅನ್ನುವ ಮಾತು ನನ್ನ ಬಾಯಿಗೆ ಬಂತು, ಆದರೆ ಅದನ್ನು ಹೇಳುವ ಹಕ್ಕು ಉಳಿದಿರಲಿಲ್ಲ. ಕೋಟೆಯಿಂದ ಬಂದ ಬಸ್ಸು ತುಂಬಿತ್ತು. ಒಂದೇ ಒಂದು ಸೀಟು ಖಾಲಿಯಿತ್ತು.

"ಕೂತ್ಕೋ ಅಣ್ಣ," ಅಂದಳು, "ನಿಂಗೆ ನಿಂತು ಅಭ್ಯಾಸ ಇಲ್ಲ."

ನಾನು ಕೂತೆ.