ಕ್ಯಾಪ್ಟನ್ ಧನರಾಜ ಚಹಾ ಕೊಟ್ಟ ದಿನ

ಗಂಡನ ಉಳಿದೆಲ್ಲ ಬಟ್ಟೆಗೂ ಇಸ್ತ್ರಿ ಹಾಕುವ ಲಲಿತಾಬಾಯಿ ಆ ಒಂದು ಬಿಳಿ ಅಂಗಿಯನ್ನು ಮಾತ್ರ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಅದರ ಹೆಗಲ ಮೇಲೆ ನಾಲ್ಕು ಬಂಗಾರದ ಪಟ್ಟಿಗಳಿದ್ದವು. ಅವನ್ನು ಹೊಲಿದವನು ಬಸವಕಲ್ಯಾಣದ ಪೇಟೆಯ ಟೇಲರ್ ಬಂದೇನವಾಜ್. ಮೊಬೈಲಿನಲ್ಲಿ ಚಿತ್ರ ನೋಡಿಕೊಂಡು, ಮದುವೆಯ ಬ್ಯಾಂಡಿನವರಿಗೆಂದು ತರಿಸಿ ಉಳಿದಿದ್ದ ಜರಿಯನ್ನೇ ಹಚ್ಚಿ ಕೊಟ್ಟಿದ್ದ. ನೌಕಾದಳದಲ್ಲಿ ಆ ನಾಲ್ಕು ಪಟ್ಟಿ ಹೆಗಲೇರಬೇಕಾದರೆ ಅಧಿಕಾರಿಯಾಗಿ ಸೇರಿದವನು ಇಪ್ಪತ್ತು ವರ್ಷ ಬೆವರು ಸುರಿಸಬೇಕು. ಧನರಾಜನಿಗೆ ಒಂದು ಮಧ್ಯಾಹ್ನ ಸಾಕಾಯಿತು.

"ಅದನ್ನ ನಾ ಮುಟ್ಟಂಗಿಲ್ರಿ," ಎಂದು ಅವಳು ಮೊದಲ ದಿನವೇ ಹೇಳಿದ್ದಳು. "ಬ್ಯಾಂಡಿನವರ ಅಂಗಿ ಬ್ಯಾಂಡಿನವರೇ ಒಗೀಲಿ."

ಅವನೇ ಒಗೆದುಕೊಂಡ, ಅವನೇ ಇಸ್ತ್ರಿ ಮಾಡಿಕೊಂಡ. ಇಸ್ತ್ರಿ ಮಾತ್ರ ಚೆನ್ನಾಗಿಯೇ ಇರುತ್ತಿತ್ತು. ಕೆಲಸ ಕಲಿತ ಕೈ ಅಲ್ಲವೇ.

ಧನರಾಜ ಬಸವಕಲ್ಯಾಣದ ಹತ್ತಿರದ ಮುಡಬಿಯವನು. ಹತ್ತನೆಯ ತರಗತಿ ಮುಗಿಸಿ ಭರ್ತಿಗೆ ಓಡಿದ, ಎದೆಯಳತೆ ಕೊಟ್ಟ, ನೌಕಾದಳದಲ್ಲಿ ಸ್ಟೀವರ್ಡ್ ಆದ. ಸ್ಟೀವರ್ಡ್ ಎಂದರೆ ಹಡಗಿನಲ್ಲಿ ಅಧಿಕಾರಿಗಳ ಊಟದ ಕೋಣೆ ನೋಡಿಕೊಳ್ಳುವವನು. ಆ ಕೋಣೆಗೆ ವಾರ್ಡ್‌ರೂಮ್ ಎನ್ನುತ್ತಾರೆ. ಅಲ್ಲಿ ಎಡಗಡೆಯಿಂದ ಬಡಿಸಬೇಕು, ಬಲಗಡೆಯಿಂದ ಎತ್ತಬೇಕು. ಸಮುದ್ರ ಕೆರಳಿದ ದಿನ ಮೇಜಿನ ಬಟ್ಟೆಗೆ ನೀರು ಚಿಮುಕಿಸಬೇಕು, ಒದ್ದೆ ಬಟ್ಟೆಯ ಮೇಲೆ ತಾಟು ಜಾರುವುದಿಲ್ಲ. ಇದನ್ನೆಲ್ಲ ಹದಿನೈದು ವರ್ಷ ಮಾಡಿ, ತೋಳಿನ ಮೇಲೆ ಒಂದು ಲಂಗರಿನ ಗುರುತು ಗಳಿಸಿ, ಲೀಡಿಂಗ್ ಸ್ಟೀವರ್ಡ್ ಎಂದು ಪಿಂಚಣಿ ತೆಗೆದುಕೊಂಡು ಬಂದ. ಅವನ ಮೇಲೆ ಪೆಟಿ ಆಫೀಸರ್, ಅವನ ಮೇಲೆ ಚೀಫ್, ಅವನ ಮೇಲೆ ಮಾಸ್ಟರ್ ಚೀಫ್. ಅವರೆಲ್ಲ ದಾಟಿದ ಮೇಲೆ ಅಧಿಕಾರಿಗಳ ಸಾಲು ಶುರು, ಆ ಸಾಲಿನಲ್ಲಿ ಎಲ್ಲೋ ಎತ್ತರದಲ್ಲಿ ಕ್ಯಾಪ್ಟನ್. ಮುಡಬಿಯ ಬಸ್ ನಿಲ್ದಾಣದಲ್ಲಿ ನಿಂತು ಆಕಾಶ ನೋಡಿದಷ್ಟು ದೂರ.

ಲಲಿತಾಬಾಯಿ ಗಂಡನ ಜೊತೆ ಒಂಬತ್ತು ವರ್ಷ ವಿಶಾಖಪಟ್ಟಣದ ನಾವಿಕರ ಕ್ವಾರ್ಟರ್ಸಿನಲ್ಲಿದ್ದವಳು. ಒಂದು ಸಲ ಕುಟುಂಬದವರನ್ನೆಲ್ಲ ಹಡಗು ಹತ್ತಿಸಿ ಸಮುದ್ರಕ್ಕೆ ಕರೆದೊಯ್ದಿದ್ದರು. ಬಂದರು ದಾಟಿದ್ದೇ ತಡ ಹಡಗು ಒಲೆದಾಡತೊಡಗಿ, ಅವಳು ಕಂಬಿ ಹಿಡಿದುಕೊಂಡು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು. ಆಗ ಧನರಾಜ ಹನ್ನೆರಡು ಸೂಪಿನ ಬಟ್ಟಲಿಟ್ಟ ತಟ್ಟೆಯನ್ನು ಒಂದೇ ಅಂಗೈ ಮೇಲೆ ಹೊತ್ತು ಕಬ್ಬಿಣದ ಏಣಿ ಹತ್ತಿ ಬಂದ. ಒಂದು ಹನಿ ಚೆಲ್ಲಲಿಲ್ಲ. ವಾಂತಿಯ ನಡುವೆಯೂ ಅವಳಿಗೆ ಎಂಥ ಹೆಮ್ಮೆಯಾಯಿತೆಂದರೆ, ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹೆಂಗಸಿಗೆ "ಅವರು ನಮ್ಮ ಮನೆಯವರು" ಎಂದು ಹೇಳಿಯೇ ಬಿಟ್ಟಿದ್ದಳು.

ಆ ಗಂಡಸನ್ನು ಈ ನಾಲ್ಕು ಪಟ್ಟಿಯ ಗಂಡಸು ತಿಂದು ಹಾಕಿದ. ಅವಳ ಸಿಟ್ಟು ಇದೇ.

ಆದದ್ದು ಹೀಗೆ. ಪಿಂಚಣಿ ಪಡೆದು ಬಸವಕಲ್ಯಾಣದಲ್ಲಿ ಮನೆ ಮಾಡಿದ ವಾರದಲ್ಲೇ ಕಿರಾಣಿ ಅಂಗಡಿಯ ಬಕ್ಕಪ್ಪ ಸನ್ಮಾನ ಇಟ್ಟುಕೊಂಡ. ಬಕ್ಕಪ್ಪನಿಗೆ ಯಾರಿಗಾದರೂ ಶಾಲು ಹೊದಿಸದಿದ್ದರೆ ಉಂಡದ್ದು ಕರಗುವುದಿಲ್ಲ. ಬ್ಯಾನರಿನಲ್ಲಿ ಏನು ಬರೆಸಬೇಕೆಂದು ಗೊತ್ತಿಲ್ಲದೆ, ಹಡಗಿನಲ್ಲಿದ್ದವನೆಂದರೆ ಕ್ಯಾಪ್ಟನ್ನೇ ಇರಬೇಕೆಂದುಕೊಂಡು ಹಾಗೇ ಬರೆಸಿದ. ಧನರಾಜ ವೇದಿಕೆ ಹತ್ತುವಾಗ ಬ್ಯಾನರನ್ನು ಓದಿದ. ಲಲಿತಾಬಾಯಿ ಕೆಳಗೆ ಕುಳಿತು ಅವನ ಮುಖವನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾನೆ, ಈಗ ನಕ್ಕು ಸರಿಮಾಡುತ್ತಾನೆ ಎಂದುಕೊಂಡಳು. ಅವನು ಕಾಲರ್ ಸರಿಮಾಡಿಕೊಂಡ.

ಮುಂದಿನ ತಿಂಗಳು ಹೈದರಾಬಾದ್ ಹೆದ್ದಾರಿಯ ಬದಿಗೆ ಆರು ಅಡಿಯ ಫಲಕ ಎದ್ದಿತು: ಕ್ಯಾಪ್ಟನ್ ಧನರಾಜ ಡಿಫೆನ್ಸ್ ಅಕಾಡೆಮಿ. ಅಕಾಡೆಮಿ ಎಂದರೆ ಅವರ ಮನೆಯ ಅಂಗಳ, ಅಂಗಳದಲ್ಲಿ ಸಿಮೆಂಟಿನ ಲಂಗರು. ವರ್ಷಕ್ಕೆರಡು ಭಾಷಣ, ಭಾಷಣದಲ್ಲಿ ತಾನು ಚುಕ್ಕಾಣಿ ಹಿಡಿದು ಪಾರುಮಾಡಿದ ಬಿರುಗಾಳಿ. ಮೊದಲ ವರ್ಷ ಅಲೆ ಇಪ್ಪತ್ತು ಅಡಿ ಇತ್ತು. ಕಳೆದ ವರ್ಷ ಅರವತ್ತಾಯಿತು. ಇನ್ನೆರಡು ವರ್ಷ ಬಿಟ್ಟರೆ ಅದು ಪಕ್ಕದೂರು ಮೋರಖಂಡಿಯ ಹೊಲಕ್ಕೇ ಬಂದು ಬಡಿಯುತ್ತದೆ ಎಂದು ಲಲಿತಾಬಾಯಿ ಲೆಕ್ಕ ಹಾಕಿದ್ದಳು. ಇನ್ನು ಊರಿನ ಮಂದಿಯನ್ನಂತೂ ಕೇಳಲೇಬೇಡಿ. ಸಂತೆಯಲ್ಲಿ ಒಂದು ಬದನೆಕಾಯಿಯನ್ನು ನಾಲ್ಕು ಸಲ ಒತ್ತಿ ನೋಡುವ ಜನ, ಕ್ಯಾಪ್ಟನ್ನನನ್ನು ಮಾತ್ರ ಒತ್ತಿ ನೋಡದೆ ಮನೆಗೊಯ್ದರು. ಅವಳೂ ಬಾಯಿ ಬಿಡಲಿಲ್ಲ. ಮಗಳು ಚಿಕ್ಕವಳು, ಅಪ್ಪನ ಮಾನ ಹೋದರೆ ಅವಳದೂ ಹೋಗುತ್ತದೆ ಎಂದು ಮೊದಮೊದಲು ಸುಮ್ಮನಿದ್ದಳು. ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು. ಆ ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೆ ಗಂಡನ ಮೇಲೆ ಇನ್ನಷ್ಟು ಉರಿಯುತ್ತಿದ್ದಳು.

ಈ ವರ್ಷ ಮಗಳು ಐಶ್ವರ್ಯ ನೌಕಾದಳಕ್ಕೆ ಆಯ್ಕೆಯಾದಳು. ಹದಿನೇಳು ದಾಟಿ ಏಳು ತಿಂಗಳು. ಅಪ್ಪನ ಅಕಾಡೆಮಿಯಲ್ಲಿ ಕಲಿತವರಲ್ಲಿ ನಿಜವಾಗಿ ನೌಕಾದಳ ಸೇರಿದವಳು ಇವಳೊಬ್ಬಳೇ. ಡಿಸೆಂಬರ್ ಹತ್ತಕ್ಕೆ ಒಡಿಶಾದ ತರಬೇತಿ ಕೇಂದ್ರದಲ್ಲಿ ಹಾಜರಿರಬೇಕೆಂದು ಪತ್ರ ಬಂತು. ಕೆಲಸ: ಸ್ಟೀವರ್ಡ್. ಪತ್ರದ ಜೊತೆ ಒಂದು ಒಪ್ಪಿಗೆ ನಮೂನೆ. ಹದಿನೆಂಟು ತುಂಬಿಲ್ಲದ್ದರಿಂದ ತಂದೆ ಸಹಿ ಹಾಕಬೇಕು. ತಂದೆ ಮಾಜಿ ಸೈನಿಕನಾಗಿದ್ದರೆ ತನ್ನ ಸೇವಾ ಸಂಖ್ಯೆ ಮತ್ತು ಹುದ್ದೆಯನ್ನು ಸ್ವಂತ ಕೈಯಿಂದ ಬರೆಯಬೇಕು, ದಾಖಲೆಗೆ ಹೊಂದದಿದ್ದರೆ ಆಯ್ಕೆ ರದ್ದು.

ಧನರಾಜ ನಮೂನೆಯನ್ನು ಓದಿ ಮಡಚಿ ಟಿವಿಯ ಮೇಲಿಟ್ಟ.

"ಕ್ಯಾಪ್ಟನ್ನನ ಮಗಳು ತಾಟು ಹಿಡಿಯಾಕ ಹೋಗ್ತಾಳೇನು? ಮಂದಿ ಏನಂತಾರ? ಡಿಗ್ರಿ ಮುಗಸ್ಲಿ, ಆಫೀಸರ್ ಪರೀಕ್ಷೆ ಬರೀಲಿ."

"ತಾಟು ಹಿಡಿದ ಕೈಯಿಂದನ ಈಕೀಗೆ ತುತ್ತು ಹಾಕೀರಿ," ಎಂದಳು ಲಲಿತಾಬಾಯಿ. "ಆಗ ಮಂದಿ ಏನಂದ್ರು?"

"ನೀ ಸುಮ್ನಿರು. ನಿನಗ ತಿಳಿಯಂಗಿಲ್ಲ."

ಅವಳಿಗೆ ತಿಳಿಯದೇ ಇದ್ದದ್ದು ಅದರಲ್ಲಿ ಏನೂ ಇರಲಿಲ್ಲ. ಹುದ್ದೆ ಎಂಬ ಆ ಖಾನೆಗೆ ಹೆದರಿ ಅವನು ಮಗಳ ದಾರಿಗೆ ಅಡ್ಡ ಕುಳಿತಿದ್ದ. ಐಶ್ವರ್ಯ ಅಳಲಿಲ್ಲ, ಜಗಳಾಡಲಿಲ್ಲ. ದಿನಾ ಬೆಳಿಗ್ಗೆ ಆ ನಮೂನೆಯನ್ನು ಟಿವಿಯ ಮೇಲಿಂದ ತೆಗೆದು ಅಪ್ಪನ ಚಹಾದ ಕಪ್ಪಿನ ಪಕ್ಕ ಇಡುತ್ತಿದ್ದಳು. ಅವನು ಚಹಾ ಕುಡಿದು ಅದನ್ನು ಮತ್ತೆ ಟಿವಿಯ ಮೇಲಿಡುತ್ತಿದ್ದ. ಹೀಗೆ ಎಂಟು ದಿನ ಹೋದವು.

ಡಿಸೆಂಬರ್ ನಾಲ್ಕು ನೌಕಾದಳದ ದಿನ. ಹುಮನಾಬಾದಿನ ಒಂದು ಕಾಲೇಜಿನಲ್ಲಿ ಕಾರ್ಯಕ್ರಮ, ಕ್ಯಾಪ್ಟನ್ ಸಾಹೇಬರು ಮುಖ್ಯ ಅತಿಥಿ. ಬಕ್ಕಪ್ಪನೇ ಜೀಪು ಮಾಡಿಕೊಂಡು ಮೂವರನ್ನೂ ಕರೆದೊಯ್ದ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಹುಮನಾಬಾದಿನವರೇ ಆದ ಮಾಸ್ತರರೊಬ್ಬರ ಮಗ, ನೌಕಾದಳದ ಕಮಾಂಡರ್ ಸಂಘರತ್ನ ರಜೆಯ ಮೇಲೆ ತಾಯಿಯ ಮನೆಗೆ ಬಂದಿದ್ದಾರೆ, ಪ್ರಾಂಶುಪಾಲರು ಅವರನ್ನೂ ಎಳೆದು ತಂದಿದ್ದಾರೆ. ಕಮಾಂಡರ್ ಎಂದರೆ ಕ್ಯಾಪ್ಟನ್ನನಿಗಿಂತ ಒಂದು ಮೆಟ್ಟಿಲು ಕೆಳಗೆ, ಹೆಗಲಿಗೆ ಮೂರು ಪಟ್ಟಿ. ಆದರೆ ಇವರದು ದುಡಿದು ಗಳಿಸಿದ್ದು. ಅಂದು ಅವರು ಸಾದಾ ಪ್ಯಾಂಟು, ಚೌಕಳಿಯ ಅಂಗಿ ಹಾಕಿಕೊಂಡು ಬಂದಿದ್ದರು. ನಾಲ್ಕು ಪಟ್ಟಿಯ ಧನರಾಜ ಅವರನ್ನು ಕಂಡು ಬೆವರಿದ. ಓಡಿಹೋಗಲು ದಾರಿಯಿರಲಿಲ್ಲ, ಪಕ್ಕದ ಕುರ್ಚಿಯಲ್ಲೇ ಕೂರಿಸಿದರು.

ಲಲಿತಾಬಾಯಿ ಮತ್ತು ಮಗಳು ಮೊದಲ ಸಾಲಿನಲ್ಲಿದ್ದರು. ಸ್ವಾಗತ ಭಾಷಣ ನಡೆಯುತ್ತಿದ್ದಾಗ ಕಾಲೇಜಿನ ಜವಾನ ಪಂಡರಿ ಸ್ಟೀಲಿನ ತಟ್ಟೆಯಲ್ಲಿ ಎಂಟು ಕಪ್ಪು ಚಹಾ ತಂದ. ಅರವತ್ತು ಹತ್ತಿರದ ಮನುಷ್ಯ, ವೇದಿಕೆಯ ಮೆಟ್ಟಿಲು ಬೇರೆ ಅಲ್ಲಾಡುತ್ತಿತ್ತು. ಕಾಲು ಜಾರಿತು, ತಟ್ಟೆ ವಾಲಿತು.

ಧನರಾಜ ಕುರ್ಚಿಯಲ್ಲಿರಲಿಲ್ಲ. ಯಾವಾಗ ಎದ್ದನೋ ಯಾರಿಗೂ ಕಾಣಲಿಲ್ಲ. ತಟ್ಟೆಯ ಅಡಿಗೆ ಅವನ ಎಡ ಅಂಗೈ ಬಂದಿತ್ತು, ಎಂಟೂ ಕಪ್ಪು ನೆಟ್ಟಗೆ ನಿಂತಿದ್ದವು. ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ, ಹದಿನೈದು ವರ್ಷದ ಅಭ್ಯಾಸವೂ ಹಾಗೆಯೇ. ಅವನು ಕುರ್ಚಿಗಳ ಹಿಂದಿನಿಂದ ಸುತ್ತಿ ಬಂದು, ಕಮಾಂಡರರ ಎಡಗಡೆ ನಿಂತು, ಸೊಂಟ ಒಂದಿಷ್ಟೇ ಬಾಗಿಸಿ ಕಪ್ಪು ಇಟ್ಟ. ಕಪ್ಪಿನ ಹಿಡಿಯನ್ನು ಅವರ ಬಲಗೈಗೆ ಸಿಗುವಂತೆ ತಿರುಗಿಸಿದ. ಒಂದು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತ.

ಕಮಾಂಡರ್ ತಲೆಯೆತ್ತಿ, ಹಡಗಿನಲ್ಲಿ ಕೇಳುವ ಹಾಗೆ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು, "ಕೌನ್ ಸಾ ವಾರ್ಡ್‌ರೂಮ್?" ಯಾವ ವಾರ್ಡ್‌ರೂಮಿನಲ್ಲಿದ್ದೆ ಎಂದು.

ಧನರಾಜನ ಹಿಮ್ಮಡಿಗಳು ಟಪ್ಪೆಂದು ಕೂಡಿದವು. "ಲೀಡಿಂಗ್ ಸ್ಟೀವರ್ಡ್ ಧನರಾಜ, ಸರ್!" ಎಂದ. ಅಂದಾದ ಮೇಲೆ ಹೆಗಲ ಮೇಲಿನ ಪಟ್ಟಿಗಳು ನೆನಪಾಗಿ ಬಾಯಿ ಹಾಗೇ ತೆರೆದುಕೊಂಡಿತು.

ಮೈಕಿನ ಗದ್ದಲದಲ್ಲಿ ಇದು ಕೇಳಿದ್ದು ಮೊದಲ ಸಾಲಿಗೆ ಮಾತ್ರ. ಕಮಾಂಡರ್ ಆ ಜರಿಯ ಪಟ್ಟಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಕನ್ನಡದಲ್ಲಿ, ಹುಮನಾಬಾದಿನ ಮನುಷ್ಯನಾಗಿ, ಹೇಳಿದರು: "ಚಹಾ ಕೊಟ್ಟದ್ದು ನಿಮ್ದು. ಹೆಗಲ ಮ್ಯಾಲಿಂದು ನಿಮ್ದಲ್ಲ. ತಗದು ಇಡ್ರಿ." ಹೇಳಿ ಚಹಾದ ಕಪ್ಪು ಎತ್ತಿಕೊಂಡರು, ಅವನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಆದರೆ ಬಕ್ಕಪ್ಪ ಇದ್ದಾನಲ್ಲ! ಮೈಕು ಕಸಿದುಕೊಂಡ.

"ನೋಡ್ರಿ, ನೋಡ್ರಿ! ಇಷ್ಟು ದೊಡ್ಡ ಕ್ಯಾಪ್ಟನ್ ಸಾಹೇಬ್ರು, ತಾವೇ ಎದ್ದು ಚಹಾ ಕೊಟ್ರು! ತುಂಬಿದ ಕೊಡ ತುಳುಕಂಗಿಲ್ಲ ಅಂತ ಹಿರಿಯರು ಸುಮ್ನ ಹೇಳ್ಯಾರೇನು? ಜೋರಾಗಿ ಚಪ್ಪಾಳೆ ಹೊಡೀರಿ!"

ಸಭೆ ಕೈ ನೋಯುವಷ್ಟು ಹೊಡೆಯಿತು. ಆಗ ಧನರಾಜ ಮಾಡಿದ್ದನ್ನು ಲಲಿತಾಬಾಯಿ ಸಾಯುವ ತನಕ ಮರೆಯಲಾರಳು. ಅವನು ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಆ ಚಪ್ಪಾಳೆಯನ್ನು ತೆಗೆದುಕೊಂಡ. ಇವನಿಗೆ ನಾಚಿಕೆ ಎಂಬುದು ಹುಟ್ಟಲೇ ಇಲ್ಲವೇ ಎಂದು ಅವಳಿಗೆ ಹೇಸಿಗೆಯಾಯಿತು.

ಮನೆಗೆ ಬಂದ ಮೇಲೆ ಐಶ್ವರ್ಯ ನಮೂನೆಯನ್ನು ತಂದು ಅಪ್ಪನ ಮುಂದಿಟ್ಟು, ಪಕ್ಕದಲ್ಲೇ ಕುಳಿತಳು.

"ಅಪ್ಪಾ, ಎಂಟು ಕಪ್ಪು ವಾಲಿದ್ದನ್ನ ಹ್ಯಾಂಗ ಹಿಡಿದ್ರಿ? ಬೆರಳು ಅಗಲ ಮಾಡ್ತೀರೋ, ಕೂಡಸ್ತೀರೋ?"

ಅವನು ನಮೂನೆಯ ಮಡಿಕೆಯನ್ನು ಬೆರಳಿನಿಂದ ತೀಡಿದ.

"ಅರ್ಜಿ ಹಾಕೋ ಮುಂದ ಅವ್ವ ನಿಮ್ಮ ಡಿಸ್ಚಾರ್ಜ್ ಪುಸ್ತಕ ಕೊಟ್ಟಿದ್ಳು. ಪೂರಾ ಓದೀನಿ. ಹದಿನೈದು ವರ್ಷದಾಗ ಒಂದು ಕೆಟ್ಟ ಮಾತು ಬರದಿಲ್ಲ ನಿಮ್ಮ ಮ್ಯಾಲ. ಅದನ್ನ ಓದೇ ಸ್ಟೀವರ್ಡ್ ಅಂತ ಹಾಕ್ದೆ. ನೀವು ಚಲೋ ಮಾಡಿದ ಕೆಲಸ, ನಾನೂ ಮಾಡ್ತೀನಿ ಅಂತ. ಈಗ ನೀವು ಕಲಸ್ತೀರೋ ಇಲ್ಲೋ?"

ಧನರಾಜ ಹೆಂಡತಿಯ ಮುಖ ನೋಡಿದ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು, ತಿರುಗಲಿಲ್ಲ. ಅವನು ಪೆನ್ನು ಹುಡುಕಿ ತಂದು ಸಂಖ್ಯೆ ಬರೆದ. ಹುದ್ದೆಯ ಖಾನೆಯಲ್ಲಿ ಬಹಳ ಹೊತ್ತು ಪೆನ್ನಿನ ಮೊನೆ ಊರಿದ. ಆಮೇಲೆ ಬರೆದ: ಲೀಡಿಂಗ್ ಸ್ಟೀವರ್ಡ್. ಕೆಳಗೆ ಸಹಿ ಹಾಕಿದ. ಒಲೆದಾಡುವ ಹಡಗಿನಲ್ಲಿ ಸೂಪು ಹೊತ್ತ ಕೈ ಇದೇ ಎಂದು ಓರೆಗಣ್ಣಲ್ಲಿ ನೋಡಿದ ಲಲಿತಾಬಾಯಿಗೆ ಅನ್ನಿಸಿತು, ಆದರೂ ಅವಳು ಕರಗಲಿಲ್ಲ. ನಿಜಕ್ಕೆ ಸಿಕ್ಕದ್ದು ಎರಡು ಬೆರಳಗಲದ ಖಾನೆ, ಅದೂ ಒಡಿಶಾಕ್ಕೆ ಹೋಗುವ ಕಾಗದದ ಮೇಲೆ. ಹೆದ್ದಾರಿಯ ಫಲಕ ಇನ್ನೂ ಆರು ಅಡಿಯೇ ಇತ್ತು.

ಮುಂದಿನ ಮೂರು ದಿನ ಅಪ್ಪ ಮಗಳು ಅಂಗಳದಲ್ಲಿ ತಾಟು, ಲೋಟ ಇಟ್ಟುಕೊಂಡು ನಡೆದಾಡಿದರು. "ಬೆರಳು ಅಗಲ ಮಾಡು. ತಾಟಿನ ಕಡೆ ನೋಡಬ್ಯಾಡ, ಹೋಗೋ ದಾರಿ ನೋಡು," ಎಂದು ಅವನು ಹೇಳುವುದು ಅಡುಗೆಮನೆಗೆ ಕೇಳುತ್ತಿತ್ತು. ಹನ್ನೊಂದು ವರ್ಷದಲ್ಲಿ ಆ ಅಕಾಡೆಮಿಯಲ್ಲಿ ನಡೆದ ಮೊದಲ ನಿಜವಾದ ಪಾಠ ಅದು.

ಹೊರಡುವ ದಿನ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಬಕ್ಕಪ್ಪ ಹಾರ ಹಿಡಿದು ನಿಂತಿದ್ದ, ಜೊತೆಗೆ ಇಪ್ಪತ್ತು ಮಂದಿ. "ಕ್ಯಾಪ್ಟನ್ ಸಾಹೇಬರ ಮಗಳಿಗೆ!" ಎಂದು ಒಬ್ಬ ಕೂಗಿದ, ಉಳಿದವರು "ಜೈ!" ಎಂದರು. ಅಂದು ಧನರಾಜ ಪಟ್ಟಿಯ ಅಂಗಿ ಹಾಕಿರಲಿಲ್ಲ. ಬಸ್ಸು ಹೊರಟಿತು. ಕಿಟಕಿಯಿಂದ ಐಶ್ವರ್ಯ ಅಪ್ಪನಿಗೆ ಸಲ್ಯೂಟ್ ಹೊಡೆದಳು, ನೌಕಾದಳದವರಂತೆ ಅಂಗೈ ಕೆಳಮುಖ ಮಾಡಿ. ಅವನೂ ಕೈ ಎತ್ತಿದ. ಬಸ್ಸು ಮರೆಯಾದ ಮೇಲೆ ಅವನ ಮುಖ ಕಿವುಚಿಕೊಂಡಿತು, ಏನೋ ಒಳಗಿಂದ ತಳ್ಳಿ ಬಂದಂತೆ ಮಂದಿಯ ಕಡೆ ತಿರುಗಿದ.

"ಬಕ್ಕಪ್ಪಾ, ಎಲ್ಲಾರೂ ಕೇಳ್ರಿ. ನಾ ಕ್ಯಾಪ್ಟನ್ ಅಲ್ಲ. ಸ್ಟೀವರ್ಡ್ ಇದ್ದೆ. ಸಾಹೇಬರಿಗೆ ಊಟ ಬಡಸ್ತಿದ್ದೆ. ಖರೇ ಹೇಳಾಕತ್ತೇನಿ."

ಜೈ ಎಂದು ಎತ್ತಿದ್ದ ಕೈಗಳು ಕೆಳಗಿಳಿದವು. ಆಮೇಲೆ ಬಕ್ಕಪ್ಪನ ಕಣ್ಣು ತುಂಬಿ ಬಂತು.

"ಕೇಳಿದ್ರೇನು? ಎಂಥಾ ಮನುಷ್ಯ! ಮಗಳು ಸಣ್ಣ ಹುದ್ದೆಗೆ ಹೊಂಟಾಳಂತ ತಾನೂ ಸಣ್ಣವ ಆದ ನೋಡ್ರಿ! ಇಂಥಾ ಕ್ಯಾಪ್ಟನ್ ಎಲ್ಲಿ ಸಿಗ್ತಾನ?" ಎಂದವನೇ ಮಗಳಿಗೆ ಹಾಕಿ ಉಳಿದಿದ್ದ ಇನ್ನೊಂದು ಹಾರವನ್ನು ಅವನ ಕೊರಳಿಗೆ ಹಾಕಿದ. ಜೈಕಾರ ಎದ್ದಿತು. "ಅಲ್ರಿ, ಖರೇನ, ಖರೇನ ಹೇಳಾಕತ್ತೇನಿ," ಎಂದು ಧನರಾಜ ಒಬ್ಬೊಬ್ಬರ ಕೈ ಹಿಡಿದು ಹೇಳಿದ. ಹಿಡಿದವರೆಲ್ಲ ಅವನ ಕೈಯನ್ನು ಕಣ್ಣಿಗೊತ್ತಿಕೊಂಡರು.

ಮಂದಿ ಚದುರಿದ ಮೇಲೆ ಅವನು ಹಾರ ಹಾಕಿಕೊಂಡೇ ಹೆಂಡತಿಯ ಹತ್ತಿರ ಬಂದ.

"ಯಾರೂ ನಂಬಾಕತ್ತಿಲ್ಲ, ಲಲಿತಾ. ನೀನಾರ ಹೇಳು."

ಲಲಿತಾಬಾಯಿ ಸೆರಗು ಬಿಗಿದುಕೊಂಡು ಮನೆಯ ದಾರಿ ಹಿಡಿದಳು.

"ಹನ್ನೊಂದು ವರ್ಷ ಸುಳ್ಳು ಹೇಳೀರಿ, ನಂಬಿದ್ರು," ಎಂದಳು. "ಇನ್ನ ಹನ್ನೊಂದು ವರ್ಷ ಖರೇ ಹೇಳ್ರಿ. ಇದನ್ನೂ ನಂಬ್ತಾರ."